ತೋಟದ ಮಣ್ಣುರಸ್ತೆಗೆ ಜೀಪು ಎಳೆಯುವ ಹಲಗೆ

ಮಣ್ಣುರಸ್ತೆ ಹಾಳಾಗುವುದು ಚಕ್ರದಿಂದ ಅಂತ ನಾವೆಲ್ಲ ತಿಳಿದಿರುತ್ತೇವೆ. ನಿಜವಾಗಿ ಹಾಳು ಮಾಡುವುದು ನೀರು. ಚಕ್ರ ಬರೀ ಜಾಡು ಮಾಡಿಕೊಡುತ್ತದೆ. ಆ ಜಾಡಿನಲ್ಲಿ ನೀರು ಹರಿಯತೊಡಗಿದರೆ ಜಾಡು ಕಣಿಯಾಗುತ್ತದೆ, ಕಣಿ ತೋಡಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಇದಕ್ಕೆ ಒಂದು ಜೂನ್ ತಿಂಗಳು ಸಾಕು.

ನಮ್ಮದು ನಾನೂರು ಮೀಟರ್ ಉದ್ದದ ರಸ್ತೆ, ಮೂರು ಮನೆಗಳಿಗೆ ಅದೊಂದೇ ದಾರಿ. ಒಂದು ಮಳೆಗಾಲ ಹೆರಿಗೆಗೆ ಹೊರಟ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ ಡಾಮರು ರಸ್ತೆವರೆಗೆ ಹೊತ್ತೊಯ್ದೆವು. ವರ್ಷಕ್ಕೊಮ್ಮೆ ಜೆಸಿಬಿ ತರಿಸಿ ಕೆರೆಸಿದರೂ ಎರಡು ದೊಡ್ಡ ಮಳೆಗೆ ಮತ್ತೆ ಅದೇ ಕಥೆ. ರಸ್ತೆಗೆ ಬೇಕಿದ್ದದ್ದು ವರ್ಷಕ್ಕೊಂದು ದೊಡ್ಡ ರಿಪೇರಿ ಅಲ್ಲ, ಆಗಾಗ ಸಣ್ಣ ಆರೈಕೆ.

ಹಿಮ ಬೀಳುವ ದೇಶಗಳಲ್ಲಿ ಜೀಪಿನ ಮುಂದೆ ಓರೆಯಾಗಿ ಹಲಗೆ ಕಟ್ಟಿ ಹಿಮವನ್ನು ಬದಿಗೆ ತಳ್ಳುತ್ತಾರೆ. ಮುಂದೆ ಕಟ್ಟಿದರೆ ಹೊಡೆತವೆಲ್ಲ ಚಾಸಿಗೆ ಬೀಳುತ್ತದೆ. ಕಲ್ಲಿಗೆ ತಾಗಿದಾಗ ಮಡಚಿಕೊಳ್ಳುವ ಸ್ಪ್ರಿಂಗೂ ಬೇಕು. ಹಿಂದಿನಿಂದ ಎಳೆಯುವ ಹಲಗೆಗೆ ಈ ರಗಳೆ ಇಲ್ಲ. ಅಮೆರಿಕದ ಮಿಸೌರಿಯ ಡಿ. ವಾರ್ಡ್ ಕಿಂಗ್ ಎಂಬ ಕೃಷಿಕರು 1890ರ ದಶಕದಲ್ಲಿ ಸೀಳಿದ ದಿಮ್ಮಿಯನ್ನು ಕುದುರೆಗೆ ಕಟ್ಟಿ ಎಳೆದು, ತಮ್ಮೂರ ಕೆಸರು ರಸ್ತೆಯನ್ನು ಸರಿ ಮಾಡಿದ್ದರು. ನಾನು ಮಾಡಿದ್ದು ಅದರದೇ ಮರಿ. ಕುದುರೆಯ ಜಾಗದಲ್ಲಿ ಹಳೇ ಜೀಪು, ಅಷ್ಟೆ.

ಮಾಡುವ ಕ್ರಮ: ಆರಡಿ ಉದ್ದದ, ಒಂಬತ್ತು-ಹತ್ತು ಇಂಚು ದಪ್ಪದ ಒಣ ಹಲಸಿನ ದಿಮ್ಮಿಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ. ಎರಡೂ ಹೋಳುಗಳ ಚಪ್ಪಟೆ ಮೈ ಮುಂದಕ್ಕೆ ಬರುವಂತೆ, ಒಂದರ ಹಿಂದೆ ಒಂದನ್ನು ಎರಡೂವರೆ ಅಡಿ ಅಂತರದಲ್ಲಿ ನಿಲ್ಲಿಸಿ. ಮೂರು ಅಡ್ಡಗೂಟ ತೂರಿಸಿ ಬೆಣೆ ಹೊಡೆದು ಬಿಗಿ ಮಾಡಿ. ಮುಂದಿನ ಹೋಳಿನ ಕೆಳ ಅಂಚಿಗೆ ಗುಜರಿ ಅಂಗಡಿಯ ಕಬ್ಬಿಣದ ಪಟ್ಟಿಯನ್ನು ಅರ್ಧ ಇಂಚು ಕೆಳಗೆ ಚಾಚುವಂತೆ ಬೋಲ್ಟು ಹಾಕಿ. ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು ಸಿಕ್ಕಿದರೆ ಇನ್ನೂ ಒಳ್ಳೆಯದು, ಬೇಗ ಸವೆಯುವುದಿಲ್ಲ. ಮುಂದಿನ ಹೋಳಿನ ಎರಡು ತುದಿಗಳಿಂದ ಚೈನು ತಂದು ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ. ಕೊಕ್ಕೆ ಚಾಸಿಗೆ ಕೂತಿರಬೇಕು. ಬಂಪರಿಗೆ ಕಟ್ಟಬಾರದು.

ಗುಟ್ಟೆಲ್ಲ ಚೈನಿನಲ್ಲಿದೆ. ಎಡತುದಿಯ ಚೈನು ಗಿಡ್ಡ, ಬಲತುದಿಯದ್ದು ಉದ್ದ ಇರಲಿ. ಆಗ ಹಲಗೆ ಓರೆಯಾಗಿ, ಎಡತುದಿ ಮುಂದಾಗಿ ಬರುತ್ತದೆ. ಕೆರೆದ ಮಣ್ಣು ಅಂಚಿನಿಂದ ಜಾರಿ ರಸ್ತೆಯ ನಡುವಿಗೆ ಬಂದು ಬೀಳುತ್ತದೆ. ಹೋಗುವಾಗ ರಸ್ತೆಯ ಎಡ ಅಂಚಿನಲ್ಲಿ ಹೋಗಿ, ಹಿಂತಿರುಗುವಾಗಲೂ ನಿಮ್ಮ ಎಡ ಅಂಚಿನಲ್ಲೇ ಬನ್ನಿ. ಚೈನು ಬದಲಿಸುವ ಕೆಲಸವೇ ಇಲ್ಲ. ಆರಡಿ ಹಲಗೆ 45 ಡಿಗ್ರಿ ಓರೆಯಾದಾಗ ನಾಲ್ಕೂಕಾಲು ಅಡಿ ಅಗಲ ಕೆರೆಯುತ್ತದೆ. ಎಂಟೂವರೆ ಅಡಿ ರಸ್ತೆಗೆ ಒಂದು ಹೋಗಿ-ಬರುವಿಕೆ ಸಾಕು. ಹೆಚ್ಚು ಕೆರೆಯಬೇಕಾದರೆ ಎರಡೂ ಚೈನು ಉದ್ದ ಮಾಡಿ. ಗಿಡ್ಡ ಮಾಡಿದರೆ ಹಲಗೆಯ ಮುಂಭಾಗ ಸ್ವಲ್ಪ ಎದ್ದು ಕಡಿಮೆ ಕೆರೆಯುತ್ತದೆ.

ಸಮಯ ತಪ್ಪಿದರೆ ಕೆಲಸ ಕೆಟ್ಟಿತು. ಮಣ್ಣು ತೇವ ಇರಬೇಕು, ಅಂಟಬಾರದು. ಮಳೆ ಬಿಟ್ಟು ಹೊಳವಾದಾಗ ಒಂದು ಹಿಡಿ ಮಣ್ಣು ಅದುಮಿ ನೋಡಿ. ಉಂಡೆಯಾಗಬೇಕು, ಕೈಗೆ ಮೆತ್ತಿಕೊಳ್ಳಬಾರದು. ಆಗ ಎಳೆದ ಮಣ್ಣು ಸಣ್ಣ ಹೊಂಡಗಳಿಗೆ ತುಂಬಿಕೊಂಡು, ಬಿಸಿಲು ಬಿದ್ದಂತೆ ಗಟ್ಟಿಯಾಗುತ್ತದೆ. ಜನವರಿಯ ಒಣ ಮುರಮಣ್ಣಿನ ಮೇಲೆ ಎಳೆದರೆ ಬರುವುದು ಧೂಳು ಮಾತ್ರ. ಮೇ ತಿಂಗಳ ಮೊದಲ ಮಳೆಗಳ ನಂತರ, ಮಳೆಗಾಲದ ಹೊಳವುಗಳಲ್ಲಿ, ಅಕ್ಟೋಬರ್ ಮಳೆ ಬಿಟ್ಟಾಗ ನಾನು ಎಳೆಯುತ್ತೇನೆ. ಫಸ್ಟ್ ಗೇರು, ನಡೆಯುವ ವೇಗ.

ಹೀಗೆ ಎಳೆಯುತ್ತ ಹೋದ ಹಾಗೆ ರಸ್ತೆ ಆಮೆ ಬೆನ್ನಿನಂತಾಗುತ್ತದೆ. ಎಂಟೂವರೆ ಅಡಿ ಅಗಲಕ್ಕೆ ನಡು ಭಾಗ ಅಂಚಿಗಿಂತ ಮೂರು ಇಂಚು ಎತ್ತರ ಬಂದರೆ ನೀರು ನಿಲ್ಲದೆ ಬದಿಯ ಚರಂಡಿಗೆ ಇಳಿಯುತ್ತದೆ. ಅಂಚಿನಲ್ಲಿ ಮಣ್ಣಿನ ದಿಂಡು ಉಳಿದಿದ್ದರೆ ಹಾರೆಯಿಂದ ಒಡೆದುಬಿಡಿ. ಇಲ್ಲವಾದರೆ ನೀರು ರಸ್ತೆ ಬಿಟ್ಟು ಹೋಗುವುದಿಲ್ಲ.

ಹಲಗೆಯೊಂದರಿಂದಲೇ ಎಲ್ಲ ಆಗುತ್ತದೆ ಅಂತಲ್ಲ. ಹತ್ತಡಿಗೆ ಒಂದಡಿ ಏರುವ ಕಡೆ ನೀರು ಬದಿಗಿಂತ ಕೆಳಗೇ ಓಡುತ್ತದೆ. ಅಲ್ಲಿ ಸುಮಾರು 80 ಅಡಿಗೊಂದು ಓರೆ ಅಡ್ಡಕಣಿ ಬೇಕೇ ಬೇಕು. ಹಲಗೆ ಎಳೆದ ದಿನವೇ ಅವುಗಳ ಬಾಯಿ ಬಿಡಿಸಿಡಿ. ಆ ನೀರನ್ನು ಇಂಗುಗುಂಡಿಗೆ ಬಿಟ್ಟರೆ ಬಾವಿಗೂ ಲಾಭ. ಆದರೆ ಕಡಿದಾದ ಬರೆಯ ನೆತ್ತಿಯಲ್ಲಿ ಗುಂಡಿ ಬೇಡ, ಬರೆ ಕುಸಿದೀತು.

ಇನ್ನೊಂದು ಮಾತು ಮಾರಾಯ್ರೆ. ಭಾರಕ್ಕೆಂದು ಹಲಗೆ ಮೇಲೆ ಜನ ನಿಲ್ಲಿಸಬೇಡಿ, ಮಕ್ಕಳನ್ನಂತೂ ಹತ್ತಿರ ಸೇರಿಸಲೇಬೇಡಿ. ಬೇರಿಗೋ ಕಲ್ಲಿಗೋ ಸಿಕ್ಕಿದರೆ ಹಲಗೆ ಪಲ್ಟಿ ಹೊಡೆಯುತ್ತದೆ. ಭಾರ ಬೇಕಿದ್ದರೆ ಮರಳಿನ ಚೀಲ ಕಟ್ಟಿ. ಎಳೆಯುವಾಗ ಚೈನಿನ ಪಕ್ಕ ಯಾರೂ ನಿಲ್ಲಬಾರದು.

ಮೂರು ಮನೆಯವರು ಸೇರಿ ಒಂದು ಹಲಗೆ ಮಾಡಿಕೊಂಡರೆ ಯಾರಿಗೂ ಹೊರೆಯಲ್ಲ. ಪವರ್ ಟಿಲ್ಲರಿಗೆ ನಾಲ್ಕಡಿಯ ಚಿಕ್ಕ ಹಲಗೆ ಕಟ್ಟಿ ನೋಡಿದವರಿದ್ದರೆ ದಯವಿಟ್ಟು ಅನುಭವ ಬರೆಯಿರಿ. ಜೀಪಿಲ್ಲದವರಿಗೆ ಅದು ಬೇಕಾಗಿದೆ.