ಮೌತ್ ಆರ್ಗನ್ ವಾದನ ಮತ್ತು ತುಟಿಗಳ ಆರೈಕೆ

ಉಸಿರಿನಿಂದ ನುಡಿಯುವ ವಾದ್ಯಗಳನ್ನು ನಮ್ಮ ಸಂಗೀತಶಾಸ್ತ್ರವು ಸುಷಿರ ವಾದ್ಯಗಳೆಂದು ಕರೆದಿದೆ. ಕೊಳಲು, ಸನಾದಿ, ಶಂಖ, ಕಹಳೆಗಳು ಈ ವರ್ಗಕ್ಕೆ ಸೇರಿದವು. ತಂತಿವಾದ್ಯ ನುಡಿಸುವವನಿಗೆ ಬೆರಳು ಹೇಗೋ ಸುಷಿರ ವಾದ್ಯ ನುಡಿಸುವವನಿಗೆ ತುಟಿ ಹಾಗೆ. ಆದರೆ ಬೆರಳಿನ ಚರ್ಮವು ಅಭ್ಯಾಸದಿಂದ ಗಟ್ಟಿಯಾಗುತ್ತದೆ. ತುಟಿಯ ಚರ್ಮವು ಹಾಗೆ ಗಟ್ಟಿಯಾಗುವುದಿಲ್ಲ. ಆದುದರಿಂದ ಅದನ್ನು ಕಾಪಾಡಿಕೊಳ್ಳುವ ವಿಧಾನವನ್ನು ಅಭ್ಯಾಸಿಯು ಮೊದಲ ದಿನದಿಂದಲೇ ಅರಿತಿರಬೇಕು.

ಕೃಷ್ಣಾ ತೀರದ ಗಲಗಲಿ ಹಾಗೂ ಸುತ್ತಲಿನ ಬೀಳಗಿ, ಜಮಖಂಡಿ, ಮುಧೋಳ ಭಾಗಗಳಿಗೆ ಉಸಿರಿನ ವಾದ್ಯವು ಹೊಸದಲ್ಲ. ಮದುವೆ, ಜಾತ್ರೆ, ಪಲ್ಲಕ್ಕಿ ಉತ್ಸವಗಳು ಸನಾದಿಯ ನಾದವಿಲ್ಲದೆ ಕಳೆಕಟ್ಟುತ್ತಿರಲಿಲ್ಲ. ಬೀಳಗಿ ಮೂಲದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕಥೆಯನ್ನು ಆಧರಿಸಿ 1977ರಲ್ಲಿ ತೆರೆಗೆ ಬಂದ ‘ಸನಾದಿ ಅಪ್ಪಣ್ಣ’ ಚಲನಚಿತ್ರವು ಈ ವಾದ್ಯದ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ಕೇಳಿಬರುವ ಶಹನಾಯಿಯ ನಾದವು ಉಸ್ತಾದ್ ಬಿಸ್ಮಿಲ್ಲಾ ಖಾನರದು. ಆದರೆ ಸನಾದಿಯನ್ನು ಕಲಿಯಲು ಗುರು ಬೇಕು, ವರ್ಷಗಳ ಸಾಧನೆ ಬೇಕು. ಅಂಗಿಯ ಕಿಸೆಯಲ್ಲಿ ಹಿಡಿಯುವ, ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟುಕುವ ಸುಷಿರ ವಾದ್ಯವೆಂದರೆ ಮೌತ್ ಆರ್ಗನ್. ಇದಕ್ಕೆ ಹಾರ್ಮೋನಿಕಾ ಎಂಬ ಹೆಸರೂ ಇದೆ.

ವಾದ್ಯದ ಪರಿಚಯ

ಮೌತ್ ಆರ್ಗನ್ನು ಯುರೋಪಿನಲ್ಲಿ ರೂಪುಗೊಂಡ ವಾದ್ಯ. ಜರ್ಮನಿಯ ಟ್ರೋಸಿಂಗೆನ್ ಎಂಬ ಊರಿನಲ್ಲಿ ಮಥಿಯಾಸ್ ಹೋನರ್ ಎಂಬವನು 1857ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದನು. ಮುಂದೆ ಅವನ ಹೆಸರಿನ ವಾದ್ಯಗಳು ಜಗತ್ತಿನ ತುಂಬೆಲ್ಲ ಹರಡಿದವು. ನಮ್ಮ ಭಜನೆಯ ಪೇಟಿಗೂ ಇದಕ್ಕೂ ತತ್ತ್ವ ಒಂದೇ. ಎರಡರಲ್ಲಿಯೂ ಒಂದು ತುದಿಯನ್ನು ಬಿಗಿದ ತೆಳುವಾದ ಲೋಹದ ರೀಡು ಗಾಳಿಯ ಒತ್ತಡಕ್ಕೆ ಕಂಪಿಸಿ ಸ್ವರವನ್ನು ಹೊರಡಿಸುತ್ತದೆ. ಪೇಟಿಯಲ್ಲಿ ಗಾಳಿಯನ್ನು ಒದಗಿಸುವುದು ತಿದಿ. ಮೌತ್ ಆರ್ಗನ್ನಿನಲ್ಲಿ ಒದಗಿಸುವುದು ಮನುಷ್ಯನ ಶ್ವಾಸಕೋಶ.

ಹತ್ತು ರಂಧ್ರಗಳ ಸಾಮಾನ್ಯ ವಾದ್ಯದಲ್ಲಿ 20 ರೀಡುಗಳಿರುತ್ತವೆ. ಪ್ರತಿಯೊಂದು ರಂಧ್ರದಲ್ಲಿ ಊದಿದಾಗ ಒಂದು ಸ್ವರ, ಉಸಿರನ್ನು ಒಳಗೆಳೆದಾಗ ಇನ್ನೊಂದು ಸ್ವರ. ನಾಲ್ಕನೆಯ ರಂಧ್ರವನ್ನು ಊದಿದರೆ ಸಾ, ಎಳೆದರೆ ರಿ; ಐದನೆಯದನ್ನು ಊದಿದರೆ ಗ, ಎಳೆದರೆ ಮ; ಆರನೆಯದನ್ನು ಊದಿದರೆ ಪ, ಎಳೆದರೆ ಧ. ಏಳನೆಯದರಲ್ಲಿ ಮಾತ್ರ ಕ್ರಮವು ತಿರುವುಮುರುವಾಗಿ, ಎಳೆದರೆ ನಿ, ಊದಿದರೆ ತಾರ ಷಡ್ಜ ಬರುತ್ತದೆ. ಹೀಗೆ ಬಿಲಾವಲ್ ಥಾಟಿನ ಸಪ್ತಕವೊಂದು ನಾಲ್ಕೇ ರಂಧ್ರಗಳಲ್ಲಿ ಅಡಗಿದೆ.

ಹಿಂದೀ ಚಿತ್ರಸಂಗೀತದಲ್ಲಿ ಈ ವಾದ್ಯಕ್ಕೆ ದೊಡ್ಡ ಸ್ಥಾನ ದೊರೆತಿದೆ. 1964ರ ‘ದೋಸ್ತಿ’ ಚಿತ್ರದಲ್ಲಿ ಕಾಲು ಊನವಾದ ಬಡ ಬಾಲಕನೊಬ್ಬನು ಅಂಧ ಗೆಳೆಯನ ಹಾಡಿಗೆ ಮೌತ್ ಆರ್ಗನ್ ನುಡಿಸುತ್ತಾನೆ. ಅದನ್ನು ವಾಸ್ತವವಾಗಿ ನುಡಿಸಿದವರು ಮುಂದೆ ಪ್ರಸಿದ್ಧ ಸಂಗೀತ ನಿರ್ದೇಶಕರಾದ ಆರ್.ಡಿ. ಬರ್ಮನ್‌ರು. 1975ರ ‘ಶೋಲೆ’ ಚಿತ್ರದಲ್ಲಿ ಕೇಳುವ ವಿಷಾದದ ರಾಗವನ್ನು ನುಡಿಸಿದವರು ಭಾನು ಗುಪ್ತ.

ತುಟಿ ಒಣಗುವುದೇಕೆ?

ವಾದ್ಯವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲ ವಾರದಲ್ಲಿಯೇ ಒಂದು ತೊಂದರೆಯನ್ನು ಎದುರಿಸುತ್ತಾನೆ. ಹತ್ತು ನಿಮಿಷ ನುಡಿಸುವಷ್ಟರಲ್ಲಿ ತುಟಿಗಳು ಒಣಗಿ ವಾದ್ಯಕ್ಕೆ ಅಂಟಿಕೊಳ್ಳುತ್ತವೆ. ಒಂದು ರಂಧ್ರದಿಂದ ಇನ್ನೊಂದಕ್ಕೆ ಸರಿಯುವಾಗ ಚರ್ಮವು ಜಗ್ಗಿದಂತಾಗಿ ಸ್ವರ ತಪ್ಪುತ್ತದೆ. ಹಟದಿಂದ ಮುಂದುವರಿಸಿದರೆ ತುಟಿ ಬಿರಿದು ನೆತ್ತರು ಜಿನುಗುತ್ತದೆ. ಆಗ ಎಷ್ಟೋ ಮಂದಿ ಎಳೆಯರು ‘ಈ ವಿದ್ಯೆ ನನಗೆ ಒಲಿಯುವುದಲ್ಲ’ ಎಂದು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುತ್ತಾರೆ. ಇಲ್ಲಿ ಕೊರತೆಯಾದುದು ಪ್ರತಿಭೆಯಲ್ಲ, ತಿಳಿವಳಿಕೆ.

ನಮ್ಮ ದೇಹದ ಉಳಿದ ಚರ್ಮದಲ್ಲಿ ಬೆವರಿನ ಗ್ರಂಥಿಗಳೂ ಜಿಡ್ಡನ್ನು ಸ್ರವಿಸುವ ಗ್ರಂಥಿಗಳೂ ಇವೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿಗಳಿಲ್ಲ. ಜಿಡ್ಡಿನ ಗ್ರಂಥಿಗಳು ಇಲ್ಲವೆನ್ನುವಷ್ಟು ವಿರಳ. ಅಲ್ಲಿಯ ಹೊರಪದರವೂ ಬಹು ತೆಳುವಾದುದು. ಒಳಗಿನ ರಕ್ತನಾಳಗಳ ಬಣ್ಣ ಹೊರಗೆ ಕಾಣುವುದರಿಂದಲೇ ತುಟಿ ಕೆಂಪಾಗಿರುತ್ತದೆ. ಹೀಗೆ ರಕ್ಷಣೆಯಿಲ್ಲದ ತುಟಿಯು ತನ್ನ ತೇವವನ್ನು ಬೇಗನೆ ಕಳೆದುಕೊಳ್ಳುತ್ತದೆ. ಬಯಲುಸೀಮೆಯ ಮಾಗಿಯ ಒಣಗಾಳಿಯಲ್ಲಿಯೂ ಬೇಸಿಗೆಯ ಬಿಸಿಗಾಳಿಯಲ್ಲಿಯೂ ಈ ಕ್ರಿಯೆ ಇನ್ನಷ್ಟು ತೀವ್ರವಾಗುತ್ತದೆ. ಅದರ ಮೇಲೆ ಮೌತ್ ಆರ್ಗನ್ ನುಡಿಸುವವನು ಬಾಯಿಯಿಂದಲೇ ಉಸಿರಾಡಬೇಕಾಗುವುದರಿಂದ ಗಾಳಿಯು ತುಟಿಗಳ ನಡುವೆ ಎಡೆಬಿಡದೆ ಹಾಯುತ್ತ ಉಳಿದ ತೇವವನ್ನೂ ಒಯ್ಯುತ್ತದೆ.

ಇನ್ನೊಂದು ಕಾರಣವು ಮನಸ್ಸಿಗೆ ಸಂಬಂಧಿಸಿದ್ದು. ವಾರ್ಷಿಕ ಸ್ನೇಹ ಸಮ್ಮೇಳನದ ವೇದಿಕೆಯೇರಿದ ಬಾಲಕನಿಗೆ ಬಾಯಿ ಒಣಗುವುದು ಸಹಜ. ಭಯವುಂಟಾದಾಗ ನರಮಂಡಲವು ಲಾಲಾರಸದ ಸ್ರಾವವನ್ನು ಕುಗ್ಗಿಸುತ್ತದೆ. ಮನೆಯಲ್ಲಿ ಸರಾಗವಾಗಿ ನುಡಿದ ಗೀತೆಯು ಸಭೆಯಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ.

ಸಾಮಾನ್ಯ ತಪ್ಪುಗಳು

ತುಟಿ ಒಣಗಿದೊಡನೆ ನಾಲಿಗೆಯಿಂದ ಮತ್ತೆ ಮತ್ತೆ ಸವರಿಕೊಳ್ಳುವುದು ಎಲ್ಲರ ರೂಢಿ. ನುಡಿಸುವ ಮುನ್ನ ಒಮ್ಮೆ ಹಾಗೆ ಮಾಡಿದರೆ ಬಾಧಕವಿಲ್ಲ. ವಾದ್ಯವು ಜಾರಲು ಅದರಿಂದ ಅನುಕೂಲವೇ ಆಗುತ್ತದೆ. ಆದರೆ ದಿನವಿಡೀ ಅದೇ ಚಾಳಿಯಾದರೆ ಹಾನಿ ತಪ್ಪದು. ಲಾಲಾರಸವು ಕ್ಷಣದಲ್ಲಿ ಆವಿಯಾಗಿ ತುಟಿಯನ್ನು ಮೊದಲಿಗಿಂತ ಹೆಚ್ಚು ಒಣಗಿಸುತ್ತದೆ. ಅದರಲ್ಲಿರುವ, ಆಹಾರವನ್ನು ಜೀರ್ಣಿಸುವ ಕಿಣ್ವಗಳು ತೆಳುವಾದ ಚರ್ಮವನ್ನು ಕೆರಳಿಸುತ್ತವೆ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಕೀಳುವುದಂತೂ ಗಾಯವನ್ನು ಕರೆದು ತಂದುಕೊಂಡಂತೆ.

ಎರಡನೆಯ ತಪ್ಪೆಂದರೆ ನುಡಿಸುವ ಹೊತ್ತಿಗೆ ತುಟಿಗೆ ಎಣ್ಣೆ ಅಥವಾ ತುಪ್ಪವನ್ನು ಬಳಿದುಕೊಳ್ಳುವುದು. ಜಿಡ್ಡು ರಂಧ್ರಗಳ ಮೂಲಕ ಒಳಗಿಳಿದು ರೀಡಿಗೆ ಅಂಟುತ್ತದೆ. ಅದಕ್ಕೆ ಧೂಳು ಕೂಡಿದರೆ ಸ್ವರವು ಮಂಕಾಗುತ್ತದೆ. ಸನಾದಿಯ ವಾದಕರು ಹುಲ್ಲಿನ ರೀಡನ್ನು ನುಡಿಸುವ ಮೊದಲು ಬಾಯಲ್ಲಿ ನೆನೆಸಿ ಮೆದುಮಾಡಿಕೊಳ್ಳುತ್ತಾರೆ. ಇದನ್ನು ಕಂಡ ಕೆಲವರು ಮೌತ್ ಆರ್ಗನ್ನನ್ನೂ ನೀರಿನಲ್ಲಿ ಅದ್ದುವುದುಂಟು. ಇದು ಸರಿಯಲ್ಲ. ಸನಾದಿಯ ರೀಡಿಗೆ ತೇವ ಬೇಕು. ಮೌತ್ ಆರ್ಗನ್ನಿನ ಲೋಹದ ರೀಡಿಗೆ ತೇವ ಬೇಡ. ಒಳಗಿನ ಚೌಕಟ್ಟು ಕಟ್ಟಿಗೆಯದಾಗಿದ್ದರೆ ಅದು ನೀರುಂಡು ಉಬ್ಬಿ, ಅದರ ಅಂಚುಗಳು ಹೊರಚಾಚಿ ತುಟಿಯನ್ನು ಕೊಯ್ಯುತ್ತವೆ. ತೇವವಿರಬೇಕಾದುದು ತುಟಿಗೆ, ವಾದ್ಯಕ್ಕಲ್ಲ ಎಂಬುದೇ ಈ ಪಾಠದ ಮುಖ್ಯ ಸೂತ್ರ.

ಮೂರನೆಯದು, ವಾದ್ಯವನ್ನು ತುಟಿಗೆ ಒತ್ತಿ ಹಿಡಿಯುವುದು. ಬಿಗಿಯಾಗಿ ಒತ್ತಿದರೆ ಸ್ವರ ಗಟ್ಟಿಯಾಗಿ ಬರುವುದೆಂಬುದು ಭ್ರಮೆ. ಸ್ವರದ ಬಲವು ಉಸಿರಿನಲ್ಲಿದೆ, ಒತ್ತಡದಲ್ಲಿ ಇಲ್ಲ.

ಸರಿಯಾದ ಕ್ರಮ

ಅಭ್ಯಾಸಕ್ಕೆ ಕುಳಿತುಕೊಳ್ಳುವ ಮೊದಲು ಬಾಯಿಯನ್ನು ಮುಕ್ಕಳಿಸಿ ಎರಡು ಗುಟುಕು ನೀರನ್ನು ಕುಡಿಯಬೇಕು. ಬೆಲ್ಲ, ಚುರುಮುರಿ, ಸಕ್ಕರೆಯ ಚಹ ಸೇವಿಸಿದ ಬಾಯಿಂದ ನುಡಿಸಿದರೆ ಅಂಟೂ ಆಹಾರದ ಕಣಗಳೂ ವಾದ್ಯದೊಳಗೆ ಸೇರುತ್ತವೆ. ಅನಂತರ ವಾದ್ಯವನ್ನು ಕೆಲವು ನಿಮಿಷ ಅಂಗೈಗಳಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ತಣ್ಣನೆಯ ಲೋಹದ ಮೇಲೆ ಉಸಿರಿನ ಆವಿಯು ಹನಿಗಟ್ಟಿ ರೀಡು ನುಡಿಯದಂತಾಗುವುದು ಇದರಿಂದ ಕಡಿಮೆಯಾಗುತ್ತದೆ.

ವಾದ್ಯವನ್ನು ತುಟಿಗಳ ತುದಿಯಲ್ಲಿ ಇಡದೆ ಸ್ವಲ್ಪ ಒಳಗೆ ಇರಿಸಿಕೊಳ್ಳಬೇಕು. ತುಟಿಗಳ ಒಳಮಗ್ಗುಲು ಸದಾ ತೇವವಾಗಿರುತ್ತದೆ. ಆ ಭಾಗವು ವಾದ್ಯವನ್ನು ತಾಗಿದರೆ ತೊಂದರೆಯ ಹೆಚ್ಚಿನ ಪಾಲು ಅಲ್ಲಿಯೇ ಪರಿಹಾರವಾಗುತ್ತದೆ. ದವಡೆ ಸಡಿಲವಾಗಿರಬೇಕು. ರಂಧ್ರ ಬದಲಿಸುವಾಗ ತಲೆಯನ್ನು ಹೊರಳಿಸದೆ ಕೈಯಿಂದ ವಾದ್ಯವನ್ನೇ ಸರಿಸಬೇಕು. ಆರಂಭದಲ್ಲಿ ಹತ್ತು ನಿಮಿಷ ನುಡಿಸಿ ಬಿಡುವು ಪಡೆದು ಮತ್ತೆ ಹತ್ತು ನಿಮಿಷ ನುಡಿಸುವುದು ಲೇಸು. ಮುಗಿದ ಮೇಲೆ ರಂಧ್ರಗಳನ್ನು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಒಣ ಬಟ್ಟೆಯಿಂದ ಒರೆಸಿ, ಗಾಳಿಗೆ ಆರಿದ ಬಳಿಕವೇ ಪೆಟ್ಟಿಗೆಯಲ್ಲಿಡಬೇಕು.

ತುಟಿಯ ಆರೈಕೆಗೆ ತಕ್ಕ ಸಮಯ ರಾತ್ರಿ. ಮಲಗುವಾಗ ತುಸು ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನನ್ನು ಸವರಿಕೊಂಡರೆ ತೇವವು ಆರಿಹೋಗದೆ ಉಳಿಯುತ್ತದೆ. ಹಗಲಿನಲ್ಲಿ ಹಚ್ಚಿಕೊಂಡಿದ್ದರೆ ನುಡಿಸುವ ಮೊದಲು ಚೆನ್ನಾಗಿ ಒರೆಸಿಕೊಳ್ಳಬೇಕು. ಬಾಯಿಯ ಮೂಲೆಗಳು ಪದೇ ಪದೇ ಬಿರಿಯುತ್ತಿದ್ದರೆ ಅದು ಕೇವಲ ಗಾಳಿಯ ದೋಷವಲ್ಲ. ರೈಬೋಫ್ಲೇವಿನ್ ಎಂಬ ಜೀವಸತ್ವದ ಅಥವಾ ಕಬ್ಬಿಣಾಂಶದ ಕೊರತೆಯೂ ಇರಬಹುದು. ಹಾಲು, ಮಜ್ಜಿಗೆ, ಸೊಪ್ಪು, ಕಾಳುಗಳು ಊಟದಲ್ಲಿರಬೇಕು. ಗಾಯವು ಎರಡು ವಾರಗಳಲ್ಲಿಯೂ ಮಾಯದಿದ್ದರೆ ವೈದ್ಯರಿಗೆ ತೋರಿಸುವುದು ಅವಶ್ಯ. ಒಡೆದ ತುಟಿಯಿಂದ ನುಡಿಸಲೂಬಾರದು. ಒಬ್ಬರ ವಾದ್ಯವನ್ನು ಇನ್ನೊಬ್ಬರು ಬಾಯಿಗಿಡಲೂಬಾರದು. ಗೆಳೆತನದಲ್ಲಿ ರೊಟ್ಟಿಯನ್ನು ಹಂಚಿಕೊಳ್ಳಬಹುದು, ಮೌತ್ ಆರ್ಗನ್ನನ್ನಲ್ಲ.

ವೇದಿಕೆಯ ಭಯಕ್ಕೆ ಮದ್ದೆಂದರೆ ಉಸಿರೇ. ಹೆಸರು ಕರೆಯುವ ಮೊದಲು ಮೂಗಿನಿಂದ ನಿಧಾನವಾಗಿ ಕೆಲವು ದೀರ್ಘಶ್ವಾಸಗಳನ್ನು ತೆಗೆದುಕೊಂಡು, ಒಂದು ಗುಟುಕು ನೀರು ಕುಡಿದು, ತುಟಿಯನ್ನು ಒಮ್ಮೆ ತೇವ ಮಾಡಿಕೊಂಡು ವೇದಿಕೆಯೇರಿದರೆ ಮೊದಲ ಸ್ವರವು ತಪ್ಪುವುದಿಲ್ಲ. ಮೊದಲ ಸ್ವರ ನೆಟ್ಟಗೆ ಬಂದರೆ ಉಳಿದವು ಅದರ ಹಿಂದೆ ಬರುತ್ತವೆ.

ಸಾಧನೆಯೆಂದರೆ ದೇಹವನ್ನು ದಂಡಿಸುವುದೆಂದು ಎಳೆಯರು ತಪ್ಪಾಗಿ ತಿಳಿಯುವುದುಂಟು. ನೆತ್ತರು ಒಸರುವ ತುಟಿಯು ಸಾಧನೆಯ ಗುರುತಲ್ಲ, ಅಜಾಗರೂಕತೆಯ ಗುರುತು. ಒಕ್ಕಲಿಗನು ಬಿತ್ತುವ ಮೊದಲು ಭೂಮಿಯ ಹದವನ್ನು ನೋಡುತ್ತಾನೆ. ಒಣಗಿ ಬಿರಿದ ನೆಲಕ್ಕೆ ಬೀಜವನ್ನು ಹಾಕುವುದಿಲ್ಲ. ಅದರಂತೆ ವಾದಕನು ತನ್ನ ತುಟಿಯ ಹದವನ್ನು ನೋಡಿಕೊಂಡು ಸ್ವರವನ್ನು ಬಿತ್ತಬೇಕು. ಒಂದು ಗುಟುಕು ನೀರು, ರಾತ್ರಿಯ ಒಂದಿಷ್ಟು ಬೆಣ್ಣೆ, ಹಗುರವಾದ ಹಿಡಿತ, ನಿತ್ಯದ ಮಿತವಾದ ಅಭ್ಯಾಸ – ಇಷ್ಟನ್ನು ಪಾಲಿಸುವ ವಿದ್ಯಾರ್ಥಿಯು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಕಾದ ಪ್ರಸಂಗವೇ ಬರಲಾರದು.