ದತ್ತಿಯ ಬಡ್ಡಿ, ಸಂಶೋಧಕನ ಸಂಬಳ

ತೀರಿಕೊಂಡ ಮನೆಯವರ ಹೆಸರಲ್ಲಿ ಐದು ಲಕ್ಷದ ಠೇವಣಿ ಮುರಿಸಿ, ಬಾಯಿ ಕ್ಯಾನ್ಸರಿನ ಸಂಶೋಧನೆಗೆ ಒಂದೇ ಕಂತಿನಲ್ಲಿ ಕೊಟ್ಟುಬಿಟ್ಟೆ. ಚಿಕ್ಕೋಡಿಯ ನಮ್ಮ ಬಳಗಕ್ಕೆ ಅದು ದಾನವಲ್ಲ, ದುಂದು. "ಅಸಲು ಹಂಗ ಇಟ್ಟು ಬಡ್ಡಿ ಅಷ್ಟ ಕೊಡಬೇಕಿತ್ರಿ ವೈನಿ, ಅಣ್ಣನ ಹೆಸರು ಕಾಯಂ ಉಳೀತಿತ್ತು" ಅಂದ ಮೈದುನ. ಶಾಲೆಯ ಬಹುಮಾನಕ್ಕೆ ಆ ಲೆಕ್ಕ ಸರಿ.

ಸಂಶೋಧನೆಗೆ ಸರಿಹೋಗದು. ಐದು ಲಕ್ಷಕ್ಕೆ ಶೇ 7ರಂತೆ ವರ್ಷದ ಬಡ್ಡಿ 35,000 ರೂಪಾಯಿ. ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕರ ಫೆಲೋಶಿಪ್ ಪಡೆಯುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಬಾಡಿಗೆ ಭತ್ಯೆ ಬೇರೆ. ನಮ್ಮ ಇಡೀ ವರ್ಷದ ಬಡ್ಡಿ ಒಬ್ಬರ ಒಂದು ತಿಂಗಳಿಗೂ ಸಾಲದು. ಎರಡು ಸಾವಿರ ಕಡಿಮೆ. ಅಸಲನ್ನೇ ಕೊಟ್ಟರೆ? ಹನ್ನೆರಡು ತಿಂಗಳಿಗೆ 4,44,000. ಪ್ರಯೋಗಾಲಯದ ಸಾಮಾನಿಗೆ ಇನ್ನೂ 56,000 ಉಳಿಯುತ್ತದೆ. ಬಡ್ಡಿಯಿಂದಲೇ ಒಬ್ಬರನ್ನು ವರ್ಷವಿಡೀ ನಡೆಸಲು 63 ಲಕ್ಷದ ಮೇಲೆ ಗಂಟು ಬೇಕು. ಅದೂ ಇವತ್ತಿನ ಲೆಕ್ಕ. ಈ ಫೆಲೋಶಿಪ್ 31,000ದಿಂದ 37,000ಕ್ಕೆ ಏರಿದೆ, ದತ್ತಿಯ ಅಸಲು ಇಟ್ಟಷ್ಟೇ ಇರುತ್ತದೆ.

ದೊಡ್ಡ ಗಂಟಿದ್ದವರ ಮಾತು ಬೇರೆ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದ ಭಾಭಾ ಅವರ ಮಗಳು ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪತಿ ದೊರಾಬ್ಜಿ ಟಾಟಾ ಮರುವರ್ಷವೇ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಕಟ್ಟಿ, ಆದಾಯದ ಐದರಲ್ಲಿ ನಾಲ್ಕು ಪಾಲನ್ನು ಅದೇ ರೋಗದ ಸಂಶೋಧನೆಗೆ, ಅದೂ ದೇಶದ ಗಡಿಯ ಹಂಗಿಲ್ಲದೆ, ಇಟ್ಟರು. ಅದೇ 1932ರ ಜೂನಿನಲ್ಲಿ ತಾವೂ ಹೋದರು. ಟ್ರಸ್ಟ್ ಈಗಲೂ ನಡೆದಿದೆ. ಅವರದು ಟಾಟಾ ಗಂಟು, ನನ್ನದು ಐದು ಲಕ್ಷ.

ಬಡ್ಡಿ ಸಾಲದಿದ್ದರೆ ಸೊಸೈಟಿಯಲ್ಲಿಡಿ, ಶೇ 11 ಕೊಡುತ್ತಾರೆ ಎಂಬುದು ಮೈದುನನ ಎರಡನೇ ಸಲಹೆ. ಇಲ್ಲಿ ನನ್ನ ತಾಳ್ಮೆ ಕೆಡುತ್ತದೆ. ಅಥಣಿ, ರಾಯಬಾಗ, ಕಾಗವಾಡ, ಎಲ್ಲಿ ನೋಡಿದರೂ ಸೊಸೈಟಿಯ ಬೋರ್ಡು. ಬ್ಯಾಂಕ್ ಮುಳುಗಿದರೆ, ಸಹಕಾರಿ ಬ್ಯಾಂಕೇ ಆದರೂ, ಐದು ಲಕ್ಷದವರೆಗೆ ಡಿಐಸಿಜಿಸಿಯ ಠೇವಣಿ ವಿಮೆ ಇದೆ. ಪತ್ತಿನ ಸೊಸೈಟಿಗೆ ಅದಿಲ್ಲ. ಅಧ್ಯಕ್ಷರು ನಮ್ಮ ಬೀಗರು ಎಂಬುದೇ ಭದ್ರತೆಯೇ? ಶೇ 11 ಬಂದರೂ 55,000. ಒಂದೂವರೆ ತಿಂಗಳೂ ತುಂಬದು. ಅಷ್ಟಕ್ಕೆ ಅಸಲನ್ನು ಪಣಕ್ಕಿಡಬೇಕೇ?

ಮನೆಯವರು ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಲೆಕ್ಕ ಬರೆಯುತ್ತಿದ್ದರು, ಗಲ್ಲದಲ್ಲಿ ಜರ್ದಾ. ಕಡೆಕಡೆಗೆ ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಚಮಚದ ತುದಿಯಿಂದ ಕೊಡುತ್ತಿದ್ದೆ. ಮಿರಜಿನ ವೈದ್ಯರು ಮೊದಲು ಕೇಳಿದ್ದು, ಬಿಳಿ ಮಚ್ಚೆ ಎಂದಿನಿಂದ ಇದೆ ಎಂದು. ಯಾರು ನೋಡಿದ್ದರು? ದಿನಾ ಕನ್ನಡಿ ಮುಂದೆ ಮೀಸೆ ತಿದ್ದುವ ಗಂಡಸರು ಬಾಯಿ ತೆರೆದೂ ನೋಡಿಕೊಳ್ಳಬೇಕು. ಪುಣ್ಯತಿಥಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸುವ ಮಕ್ಕಳು ಬದುಕಿದ್ದಾಗಲೇ ಅಪ್ಪನ ಜರ್ದಾ ಡಬ್ಬಿ ಕಸಿದುಕೊಳ್ಳಬೇಕು.

ತೆರಿಗೆ ಉಳಿಯಿತೇ ಎಂದು ಕೇಳುವವರಿಗೆ: ಹೊಸ ಪದ್ಧತಿಯಲ್ಲಿರುವ ನನಗೆ ಒಂದು ರೂಪಾಯಿಯೂ ಇಲ್ಲ. ಹೀಗೆ ಕೊಡುವವರು ಚೆಕ್ಕಿನ ಜೊತೆಗೆ ಪತ್ರವನ್ನಂತೂ ಬರೆದುಕೊಡಿ. 'ಮೂಲನಿಧಿಗೆ' ಎಂದು ಬರೆದಿರೋ, ದುಡ್ಡು ಮತ್ತೆ ಠೇವಣಿಗೇ ಹೋಗುತ್ತದೆ. ನಾನು ಯೋಜನೆಯ ಹೆಸರು, ಖರ್ಚಿನ ಗಡುವು ಎರಡನ್ನೂ ಬರೆದೆ. ವಿನಿಯೋಗ ಪತ್ರ ಕಳಿಸಬೇಕೆಂದೂ ಸೇರಿಸಿದೆ. ಕಲ್ಲಿನ ಫಲಕದಲ್ಲಿ ಹೆಸರು ಹೇಗೆ ಕೆತ್ತಿಸೋಣ ಎಂದು ಸಂಶೋಧನಾ ಸಂಸ್ಥೆಯವರು ಫೋನಿನಲ್ಲಿ ಕೇಳಿದರು. ಫಲಕದ ದುಡ್ಡನ್ನೂ ಆ 56,000ಕ್ಕೇ ಸೇರಿಸಿ ಅಂದೆ.