ಹತ್ತು ಗುಂಟೆಗೆ ಎಂಟು ಗುಂಟೆ ಸೇರಿದಾಗ

ಗುಂಡ್ಲುಪೇಟೆ

ಪ್ರೀತಿಯ ಮಗೂ,

ಹೋದ ಭಾನುವಾರ ನೀನು ಜಗಲಿಯಲ್ಲಿ ಬಿಟ್ಟುಹೋದ ಲೆಕ್ಕದ ನೋಟ್‌ಬುಕ್ ನೋಡಿದೆ. 1/4 + 1/5 = 2/9 ಎಂದು ಬರೆದಿದ್ದೀಯೆ. ಅಂಶಕ್ಕೆ ಅಂಶ ಕೂಡಿದ್ದೀಯೆ, ಛೇದಕ್ಕೆ ಛೇದ. ಕೆಂಪು ಶಾಯಿಯ ಗೀಟು ಬಿದ್ದ ಆ ಹಾಳೆಯನ್ನು ಮಡಚಿಟ್ಟಿದ್ದೂ ಕಂಡಿತು.

ಊಟಿ ರಸ್ತೆ ಬದಿಯ ನಮ್ಮ ಹೊಲಕ್ಕೆ ಬಾ. ಎಕರೆಗೆ 40 ಗುಂಟೆ, ನಿನಗೆ ಗೊತ್ತು. ಕಾಲು ಎಕರೆ ಚೆಂಡುಹೂ ಅಂದರೆ 10 ಗುಂಟೆ. ಎಕರೆಯ ಐದನೇ ಒಂದು ಪಾಲು ಅರಿಸಿನ ಅಂದರೆ 8 ಗುಂಟೆ. ಸೇರಿ 18. ನಿನ್ನ 2/9 ಎಕರೆ 9 ಗುಂಟೆಯೂ ಆಗುವುದಿಲ್ಲ! ಹತ್ತಕ್ಕೆ ಎಂಟು ಸೇರಿಸಿದ ಮೇಲೆ ಮೊದಲಿನ ಹತ್ತೇ ಉಳಿಯಲಿಲ್ಲ ಎಂದರೆ ಲೆಕ್ಕ ಎಲ್ಲೋ ತಪ್ಪಿದೆ. ಸರಿಯಾದ ಉತ್ತರ 18/40, ಅಂದರೆ 9/20.

ನಾವು ಮಾಡಿದ್ದೇನು ನೋಡು. ಎರಡು ಪಾಲನ್ನೂ ಗುಂಟೆಗೆ ಇಳಿಸಿದೆವು, ಆಮೇಲೆ ಗುಂಟೆ ಎಣಿಸಿದೆವು. ಒಂದೊಂದು ತುಂಡು ಎಷ್ಟು ದೊಡ್ಡದು ಎಂದು ಛೇದ ಹೇಳುತ್ತದೆ, ಅಂಥ ತುಂಡು ಎಷ್ಟಿವೆ ಎಂದು ಅಂಶ. ತುಂಡುಗಳು ಸಮವಾಗದೆ ಎಣಿಸುವುದು ಹೇಗೆ? ನನಗೆ ಕಲಿಸಿದ ಮೇಷ್ಟರೊಬ್ಬರು 'ಅಡ್ಡ ಗುಣಿಸು' ಎಂದರೇ ಹೊರತು ಏಕೆಂದು ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ, ಅಣ್ಣತಮ್ಮಂದಿರ ಪಾಲು ಹಂಚುವಾಗ, ಪಹಣಿ ಹಿಡಿದು ಬದುವಿನ ಮೇಲೆ ನಿಂತಾಗ ಅದು ತಿಳಿಯಿತು. ನೀನು ಅಷ್ಟು ಕಾಯುವುದು ನನಗಿಷ್ಟವಿಲ್ಲ.

ಈ ಕೆಲಸಕ್ಕೆ ಹಿಂದೆಯೇ ಚೆಂದದ ಹೆಸರಿತ್ತು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಭಿನ್ನರಾಶಿಯ ಲೆಕ್ಕಕ್ಕೆ 'ಕಲಾಸವರ್ಣ' ಎಂದು ಹೆಸರು. ಕಲಾ ಎಂದರೆ ಪಾಲು, ಸವರ್ಣ ಎಂದರೆ ಒಂದೇ ಬಗೆಯದು. ಛೇದಗಳನ್ನು ಸುಮ್ಮನೆ ಗುಣಿಸುತ್ತ ಹೋದರೆ ಸಂಖ್ಯೆ ಬೆಳೆಯುತ್ತದೆ; ಅದನ್ನು ತಡೆಯಲು ಅವರು 'ನಿರುದ್ಧ' ಹೇಳಿಕೊಟ್ಟರು. ನಿನ್ನ ಪಾಠದ ಲ.ಸಾ.ಅ. ಅದೇ. 1/8 ಮತ್ತು 1/12 ಕೂಡಲು 96 ಬೇಡ, 24 ಸಾಕು: 3/24, 2/24, ಒಟ್ಟು 5/24.

ಗುಂಟೆ ಎಲ್ಲಕ್ಕೂ ಒದಗುವುದಿಲ್ಲ, ಮಗೂ. ಎಕರೆಯ ಮೂರನೇ ಒಂದು ಪಾಲು 13 ಗುಂಟೆ ದಾಟುತ್ತದೆ, 14 ಮುಟ್ಟುವುದಿಲ್ಲ. ಗುಂಟೆಯನ್ನು 16 ಆಣೆ ಮಾಡಿದರೂ ಮೂರು ಪಾಲು ಸಮವಾಗಿ ಬಾರದು. ಆಗ ಎಕರೆಯನ್ನು ನೀನೇ ಬೇರೆ ಲೆಕ್ಕದಲ್ಲಿ ತುಂಡು ಮಾಡಬೇಕು. ಈ ಸಲ ಒಂದು ಎಕರೆಯಲ್ಲಿ ಕಾಲು ಭಾಗ ಚೆಂಡುಹೂ, ಮೂರನೇ ಒಂದು ಭಾಗ ಸೂರ್ಯಕಾಂತಿ, ಉಳಿದದ್ದು ಜೋಳ ಎಂದುಕೊಂಡಿದ್ದೇನೆ. ಎಷ್ಟು ತುಂಡು ಮಾಡಬೇಕು, ಜೋಳಕ್ಕೆ ಎಷ್ಟು ಸಿಗುತ್ತದೆ, ಮಡಚಿಟ್ಟ ಆ ಹಾಳೆಯ ಹಿಂದೆಯೇ ಬರೆದು ತಾ. ಹಗ್ಗ ಹಿಡಿದು ಅಳೆಯೋಣ.

ನಿನ್ನ
ಅಜ್ಜ